ಮುಟ್ಟದೆ ಓದುವ ಬೆಳಕು

ಆಷಾಢದ ರಾತ್ರಿ. ಅಡಿಕೆ ತೋಟದ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತ, ಹೆಂಚಿನ ಸೂರಿನಿಂದ ಇಳಿದ ನೀರು ಅಂಗಳದ ಕಲ್ಲಿನ ಮೇಲೆ ತನ್ನದೇ ಒಂದು ತಾಳ ಹಿಡಿದಿದ್ದ ಹೊತ್ತಿನಲ್ಲಿ, ಹತ್ತು ವರ್ಷದಿಂದ ಯಾರೂ ಮುಟ್ಟದ ಹಳೆಯ ಕಂಪ್ಯೂಟರಿನ ಮುಂದೆ ನಾನು ಕೂತಿದ್ದೆ. ಸಿ.ಡಿ. ಡ್ರೈವಿನ ಗುಂಡಿ ಒತ್ತಿದರೆ ಒಳಗೆಲ್ಲೋ ಒಂದು ಹಲ್ಲುಚಕ್ರ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂಥ ಸದ್ದು. ಆಮೇಲೆ ಮತ್ತೆ ಮಳೆಯದೇ ಸದ್ದು. ಟ್ರೇ ಹೊರಗೆ ಬರಲಿಲ್ಲ.

ಅದರ ಮುಖದಲ್ಲಿ ಗುಂಡುಸೂಜಿ ಹೋಗುವಷ್ಟೇ ಸಣ್ಣ ತೂತೊಂದಿದೆ. ವರ್ಷಗಟ್ಟಲೆ ಬಳಸಿದವರಲ್ಲೂ ಎಷ್ಟೋ ಮಂದಿ ಅದನ್ನು ಕಂಡಿರುವುದಿಲ್ಲ, ಕಂಡರೂ ಗಾಳಿಯಾಡಲು ಬಿಟ್ಟದ್ದು ಅಂದುಕೊಂಡಿರುತ್ತಾರೆ. ಕರೆಂಟು ತೆಗೆದು, ಕಾಗದದ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ, ಆ ಕತ್ತಲೆಯೊಳಕ್ಕೆ ಮೆಲ್ಲಗೆ ತೂರಿಸಿದೆ. ಏನೋ ತಡೆಯಿತು, ತುಸು ಒತ್ತಿದೊಡನೆ ಸೋತಿತು. ಟ್ರೇ ಒಂದು ಬೆರಳಿನಷ್ಟು ಹೊರಗೆ ಬಂದು ನಿಂತಿತು, ಕದ ಅರ್ಧ ತೆರೆದು ಈ ಹೊತ್ತಿನಲ್ಲಿ ಯಾರೆಂದು ನೋಡುವ ಮುದುಕಿಯ ಹಾಗೆ. ಉಳಿದದ್ದನ್ನು ಕೈಯಿಂದಲೇ ಎಳೆದೆ. ಒಳಗಿನ ರಬ್ಬರ್ ಬೆಲ್ಟು ಒಂದೇ ಭಂಗಿಯಲ್ಲಿ ಕೂತು ಕೂತು ಸೆಟೆದುಕೊಂಡಿತ್ತು. ಮತ್ತೆ ಕರೆಂಟು ಕೊಟ್ಟು ಹತ್ತಾರು ಸಲ ತೆರೆದು ಮುಚ್ಚಿದ ಮೇಲೆ, ಬಾಣಂತಿ ಕೋಣೆಯಿಂದ ಹೊರಗೆ ಬಂದವಳು ಹೆಜ್ಜೆ ಹಾಕುವಂತೆ, ಟ್ರೇ ತಾನಾಗಿಯೇ ಚಲಿಸತೊಡಗಿತು.

ಅಟ್ಟದಿಂದ ಇಳಿಸಿದ್ದು ಮೂರು ಡಿಸ್ಕು. ನಮ್ಮ ಜಗಲಿಯಲ್ಲಿ ಇಂಥದೇ ಒಂದು ಮಳೆಗಾಲದಲ್ಲಿ ನಡೆದ ತಾಳಮದ್ದಳೆ, ವಾಲಿವಧೆ ಪ್ರಸಂಗ. ಮೊದಲು ಅದು ಕ್ಯಾಸೆಟ್ಟಿನಲ್ಲಿತ್ತು, ಎಷ್ಟೋ ವರ್ಷದ ಮೇಲೆ ಪೇಟೆಯ ಅಂಗಡಿಯಲ್ಲಿ ಸಿ.ಡಿ.ಗೆ ಹಾಕಿಸಿದ್ದು. ಅರ್ಥ ಹೇಳಿದವರಲ್ಲಿ ಈಗ ಒಬ್ಬರೂ ಇಲ್ಲ. ಡಿಸ್ಕುಗಳು ಅಟ್ಟದ ತೇವದಿಂದ ಬಂದವಾದ್ದರಿಂದ ಕೋಣೆಯ ಬಿಸುಪಿಗೆ ಹೊಂದಿಕೊಳ್ಳಲಿ ಎಂದು ಒಂದು ತಾಸು ಹಾಗೇ ಬಿಟ್ಟೆ. ಮಲೆನಾಡಿನ ತಂಡಿಯಿಂದ ಬಂದ ಯಾವುದಕ್ಕೂ ಆ ಮರ್ಯಾದೆ ಸಲ್ಲಬೇಕು, ಇಲ್ಲವಾದರೆ ಕಣ್ಣಿಗೆ ಕಾಣದ ಹನಿ ಡಿಸ್ಕಿನ ಮೇಲೂ ಲೆನ್ಸಿನ ಮೇಲೂ ಕೂತು ಎಲ್ಲವನ್ನೂ ಮಂಜು ಮಾಡುತ್ತದೆ. ಆ ಒಂದು ತಾಸು ನನಗೆ ಡಿಸ್ಕನ್ನು ಸುಮ್ಮನೆ ಕೈಯಲ್ಲಿ ಹಿಡಿದು ನೋಡುವ ಬಿಡುವು ಕೊಟ್ಟಿತು. ಅದನ್ನು ಹಾಗೆ ನೋಡಿದ್ದು, ನಿಜ ಹೇಳಬೇಕೆಂದರೆ, ಅದೇ ಮೊದಲು.

ಹನ್ನೆರಡು ಸೆಂಟಿಮೀಟರಿನ ಬಿಲ್ಲೆ, ದಪ್ಪ 1.2 ಮಿಲಿಮೀಟರ್, ನಡುವೆ ಹೆಬ್ಬೆರಳು ಹೋಗದಷ್ಟು ಒಂದು ತೂತು. 1982ರಲ್ಲಿ ಮೊದಲು ಜಪಾನಿನ ಅಂಗಡಿಗಳಿಗೆ ಬಂದ ಈ ವಸ್ತುವಿನ ಅಳತೆ ಇಂದಿಗೂ ಕೂದಲೆಳೆಯಷ್ಟೂ ಬದಲಾಗಿಲ್ಲ. ಅದರೊಳಗೆ ಒಂದೇ ಒಂದು ಗೆರೆ, ಗರ್ಭಗುಡಿಯಿಂದ ಹೊರಟು ಪ್ರಾಕಾರದ ಕಡೆಗೆ ಸರಿಯುತ್ತ ಹೋಗುವ ಪ್ರದಕ್ಷಿಣೆಯ ಹಾಗೆ ನಡುವಿನಿಂದ ಅಂಚಿಗೆ ಸುತ್ತಿ ಸುತ್ತಿ ಸಾಗುತ್ತದೆ. ಬಿಚ್ಚಿ ಎಳೆದರೆ ಐದು ಕಿಲೊಮೀಟರಿಗೂ ಹೆಚ್ಚು. ನಮ್ಮ ಮನೆಯಿಂದ ಬಸ್ಸು ನಿಲ್ಲುವ ದಾರಿಗೂ ಅಷ್ಟು ದೂರವಿಲ್ಲ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರೊಮೀಟರ್, ಅಂದರೆ ತಲೆಗೂದಲೊಂದನ್ನು ಅದರ ಮೇಲಿಟ್ಟರೆ ಅದರ ಅಡಿಯಲ್ಲಿ ನಲವತ್ತರಷ್ಟು ಸುತ್ತು ಮರೆಯಾದೀತು. ಆ ಗೆರೆಯ ಮೇಲೆ ಯಾವ ಮುಳ್ಳೂ ಓಡುವುದಿಲ್ಲ. ಗ್ರಾಮಫೋನು ತಟ್ಟೆಯನ್ನು ಕೆರೆದು ಹಾಡಿಸುತ್ತಿತ್ತು, ಪ್ರತಿ ಸಲ ಹಾಡಿದಾಗಲೂ ಹಾಡು ಒಂದಿಷ್ಟು ಸವೆಯುತ್ತಿತ್ತು. ಇಲ್ಲಿ ಕೆಳಗಿನಿಂದ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ 780 ನ್ಯಾನೊಮೀಟರಿನ ಒಂದು ಬೆಳಕು ಮೇಲೇರಿ, ಸವರಿಕೊಂಡು ಹೋಗಿ, ಹಿಂದಿರುಗಿ ಬರುತ್ತದೆ. ಮುಟ್ಟುವುದಿಲ್ಲ.

ಕಾರ್ಖಾನೆಯ ಡಿಸ್ಕಿನಲ್ಲಿ ಆ ಗೆರೆಯುದ್ದಕ್ಕೂ ಗುಳಿಗಳಿರುತ್ತವೆ. ಅಂಗಡಿಯಲ್ಲಿ ಬರೆಸಿದ ನಮ್ಮದರಲ್ಲಿ ಗುಳಿಯಿಲ್ಲ, ತೆಳು ಬಣ್ಣದ ಒಂದು ಪದರವಿದೆ, ಅದನ್ನು ಲೇಸರ್ ಅಲ್ಲಲ್ಲಿ ಕಾಯಿಸಿ ಕಂದಿಸಿದೆ. ಬರೆದದ್ದೂ ಓದುವುದೂ ಅದೇ ಜಾತಿಯ ಬೆಳಕು: ಬಿರುಸಾದರೆ ಬರೆಯುತ್ತದೆ, ಮೆತ್ತಗಾದರೆ ಓದುತ್ತದೆ. ಕಂದಿದ ಕಡೆ ಒಂದು, ಕಂದದ ಕಡೆ ಸೊನ್ನೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಿಲ್ಲವೆಂದು ಗೊತ್ತಾದ ದಿನ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಗುಳಿಯೂ ಸೊನ್ನೆಯೇ, ಬಯಲೂ ಸೊನ್ನೆಯೇ. ಒಂದು ಎಂಬುದು ಇರುವುದು ಅವೆರಡರ ನಡುವಿನ ಅಂಚಿನಲ್ಲಿ, ಗುಳಿ ಬಯಲಾಗುವ, ಬಯಲು ಗುಳಿಯಾಗುವ ಆ ಹೊಸ್ತಿಲಲ್ಲಿ. ಎಷ್ಟು ದೂರ ಬದಲಾವಣೆಯಿಲ್ಲದೆ ನಡೆದೆ, ಎಲ್ಲಿ ಬದಲಾದೆ ಎನ್ನುವುದಷ್ಟೇ ಲೆಕ್ಕ. ಆ ನಡಿಗೆಗೂ ಒಂಬತ್ತೇ ಒಂಬತ್ತು ಅಳತೆಯ ಹೆಜ್ಜೆಗಳು. ರಸಗಳೂ ಒಂಬತ್ತು ಎಂದು ಇಲ್ಲಿ ಹೇಳಿದರೆ ಯಾರಾದರೂ ನಗಬಹುದು, ಆದರೆ ಮಳೆಯ ಆ ರಾತ್ರಿಯಲ್ಲಿ ನನಗೆ ಹಾಗೆ ಅನ್ನಿಸಿದ್ದು ಸುಳ್ಳಲ್ಲ. ವಾಲಿಯ ಸಿಟ್ಟು, ತಾರೆಯ ಅಳು, ಯಾರೋ ಕೆಮ್ಮಿದ್ದು, ಲಾಟೀನಿಗೆ ಯಾರೋ ಎಣ್ಣೆ ಹಾಕಿದ್ದು, ಎಲ್ಲವೂ ಆ ಒಂಬತ್ತು ಹೆಜ್ಜೆಗಳಲ್ಲಿ ಎಲ್ಲೋ ಮಲಗಿತ್ತು.

ಡಿಸ್ಕಿನ ಅಡಿಯಲ್ಲಿ ಬೆರಳಿನ ಗುರುತು, ಮಬ್ಬು, ಒಂದೆರಡು ಗೀರು. ಬೆರಳನ್ನು ಅಂಚಿಗೂ ನಡುವಿನ ತೂತಿಗೂ ಕೊಟ್ಟು ಹಿಡಿದು, ತೊಳೆದು ತೊಳೆದು ಮೆತ್ತಗಾದ ಹಳೆಯ ಪಂಚೆಯ ಚೂರಿನಿಂದ ಒರೆಸಿದೆ, ನಡುವಿನಿಂದ ಹೊರಕ್ಕೆ, ಸೂರ್ಯನ ಕಿರಣ ಬರೆಯುವ ಹಾಗೆ ನೇರವಾಗಿ. ತಟ್ಟೆ ತಿಕ್ಕಿದಂತೆ ಸುತ್ತ ಸುತ್ತ ತಿಕ್ಕುವುದು ಕೈಗೆ ರೂಢಿ, ಆದರೆ ಹಾಗೆ ಬಿದ್ದ ಗೀರು ಗೆರೆಯ ಜೊತೆಜೊತೆಗೇ ಓಡಿ ಉದ್ದಕ್ಕೂ ಅಳಿಸುತ್ತದೆ. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಒಂದು ಚಿಟಿಕೆಯಷ್ಟು ಮಾತ್ರ ಕದಿಯುತ್ತದೆ. ಅಷ್ಟನ್ನು ಈ ಯಂತ್ರ ಸಹಿಸುತ್ತದೆ. ಹೇಗೆ ಸಹಿಸುತ್ತದೆ ಎನ್ನುವುದು ಇನ್ನೊಂದು ಬೆರಗು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಕಟ್ಟಿದ ಲೆಕ್ಕವೊಂದು ಅದರ ಬೆನ್ನಿಗಿದೆ. ಒಂದು ಕ್ಷಣದ ದನಿಯನ್ನು ಒಂದೇ ಕಡೆ ಇಡದೆ, ಅಜ್ಜಿ ಬಿತ್ತನೆ ಬೀಜವನ್ನು ಒಂದೇ ಪಣತಕ್ಕೆ ತುಂಬದೆ ನೆಂಟರ ನಾಲ್ಕು ಮನೆಗೆ ಹಂಚುತ್ತಿದ್ದಂತೆ, ಗೆರೆಯ ಮೇಲೆ ಅಲ್ಲಲ್ಲಿ ಚದುರಿಸಿ, ಜೊತೆಗೆ ಒಂದಿಷ್ಟು ಹೆಚ್ಚಿನ ಅಂಕಿಗಳನ್ನೂ ಇಟ್ಟಿರುತ್ತಾರೆ. ಎರಡೂವರೆ ಮಿಲಿಮೀಟರಿನಷ್ಟು ಗೆರೆ ಪೂರ್ತಿ ಅಳಿಸಿಹೋದರೂ ಉಳಿದವುಗಳಿಂದ ಕಳೆದದ್ದನ್ನು ಒಂದಕ್ಷರ ತಪ್ಪದೆ ಮರಳಿ ಕಟ್ಟಬಹುದು. ಅದಕ್ಕೂ ಮೀರಿ ಕಳೆದರೆ, ಹಾಡಿನ ಡಿಸ್ಕಿನಲ್ಲಿ, ಅಕ್ಕಪಕ್ಕದ ದನಿಯನ್ನು ನೋಡಿ ನಡುವಿನದನ್ನು ಊಹಿಸಿ ತುಂಬುತ್ತಾರೆ. ಪದ ಮರೆತ ಭಾಗವತರು ರಾಗವನ್ನೇ ಎಳೆದು ಸಭೆಗೆ ಗೊತ್ತಾಗದಂತೆ ದಾಟಿಸುತ್ತಿದ್ದ ರೀತಿ ನೆನಪಾಗದೆ ಇರುತ್ತದೆಯೆ?

ಇನ್ನೂ ಒಂದಿದೆ. ಮೇಲೇರುವ ಬೆಳಕು ಡಿಸ್ಕಿನ ಮೈಯೊಳಕ್ಕೆ ಹೊಗುವಾಗ ಸಾಸಿವೆ ಕಾಳಿಗಿಂತ ಬಹಳ ಚಿಕ್ಕದೇನಲ್ಲ, ಅಡ್ಡಳತೆ 0.8 ಮಿಲಿಮೀಟರಿನಷ್ಟು. ಆ ಪಾರದರ್ಶಕ ದಪ್ಪವನ್ನು ದಾಟುತ್ತ ದಾಟುತ್ತ ಕಿರಿದಾಗಿ, ಒಳಗಿನ ಗೆರೆಯ ಮೇಲೆ ಒಂದೆರಡು ಮೈಕ್ರೊಮೀಟರಿನ ಬಿಂದುವಾಗಿ ನಿಲ್ಲುತ್ತದೆ. ಆದ್ದರಿಂದ ಮೈಮೇಲಿನ ಧೂಳಿನ ಕಣ ಅದರ ಪಾಲಿಗೆ, ದೂರದ ಗುಡ್ಡ ನೋಡುತ್ತಿರುವವನಿಗೆ ಕಿಟಕಿ ಗಾಜಿನ ಮೇಲಿನ ನೊಣ ಇದ್ದಂತೆ. ಇದೆ, ಆದರೆ ದೃಷ್ಟಿ ಅಲ್ಲಿಲ್ಲ. ನಾವು ಜೋಪಾನ ಮಾಡುವುದು ಹೊಳೆಯುವ ಅಡಿಭಾಗವನ್ನು. ಅಪಾಯ ಹೆಚ್ಚಿರುವುದು ಹೆಸರು ಬರೆಯುವ ಮೇಲ್ಭಾಗಕ್ಕೆ, ಯಾಕೆಂದರೆ ಸಿ.ಡಿ.ಯಲ್ಲಿ ಬರೆಹ ಮತ್ತು ಅದರ ಬೆನ್ನಿನ ಕನ್ನಡಿ ಇರುವುದು ಅಲ್ಲಿ, ಉಗುರುಬಣ್ಣದಷ್ಟು ತೆಳುವಾದ ಅರಗಿನ ಅಡಿಯಲ್ಲಿ. ಬಾಲ್ ಪೆನ್ನಿನಿಂದ ಒತ್ತಿ 'ವಾಲಿವಧೆ - 3' ಎಂದು ಬರೆದವನು ನಾನೇ. ಗೀರಿಗೆ ಟೂತ್‌ಪೇಸ್ಟ್ ಹಚ್ಚುವ ಮನೆವಿದ್ಯೆ ಅಡಿಭಾಗದ ಸಣ್ಣ ಗೀರಿಗೆ ಅಪರೂಪಕ್ಕೆ ಒದಗೀತು. ಮೇಲ್ಭಾಗದ ಗಾಯಕ್ಕೆ ಮದ್ದಿಲ್ಲ.

ಒರೆಸಿದ ಡಿಸ್ಕನ್ನು ದೀಪಕ್ಕೆ ಹಿಡಿದೆ. ಗೋಡೆಯ ಮೇಲೆ ಬಣ್ಣದ ಒಂದು ಬಾಲ ಮೂಡಿ ನಡುಗಿತು. ಗದ್ದೆಯಲ್ಲಿ ಹಕ್ಕಿ ಬೆದರಿಸಲು ಹಗ್ಗಕ್ಕೆ ಕಟ್ಟಿದ ಡಿಸ್ಕುಗಳು ಗಾಳಿಗೆ ತಿರುಗುತ್ತ ಚೆಲ್ಲುವ ಬಣ್ಣವೂ ಇದೇ. ಬಣ್ಣ ಅಲ್ಲಿ ಎಲ್ಲೂ ಇಲ್ಲ, ಒತ್ತೊತ್ತಾದ ಗೆರೆಗಳು ಬೆಳಕನ್ನು ಬಿಡಿಸಿ ಹರಡುತ್ತವೆ ಅಷ್ಟೇ. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕೂತು 1930ರ ದಶಕದಲ್ಲಿ ಚಿಪ್ಪುಗಳ ಮಿನುಗನ್ನೂ ಹಕ್ಕಿಗರಿಗಳ ಬಣ್ಣವನ್ನೂ ಹೀಗೆಯೇ ಬೆನ್ನಟ್ಟಿದವರು. ಅವರು ತೀರಿಕೊಂಡದ್ದು 1970ರಲ್ಲಿ, ಸಿ.ಡಿ. ಬಂದದ್ದು ಹನ್ನೆರಡು ವರ್ಷದ ಮೇಲೆ. ಕೈಗೆ ಸಿಕ್ಕಿದ್ದರೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಒಂದು ಮಧ್ಯಾಹ್ನವನ್ನೇ ಕಳೆಯುತ್ತಿದ್ದರೇನೋ.

ಟ್ರೇ ಒಳಗೆ ಹೋಯಿತು. ಡಿಸ್ಕು ಸುತ್ತಿತು, ನಿಂತಿತು, ಮತ್ತೆ ಸುತ್ತಿತು, ಮತ್ತೆ ನಿಂತಿತು. ಕತ್ತಲೆಯಲ್ಲಿ ಬೀಗದ ತೂತಿಗಾಗಿ ತಡಕಾಡುವ ಕೀಲಿಯ ಹಾಗೆ ಒಳಗೆ ಲೆನ್ಸು ಮೇಲೆ ಕೆಳಗೆ ಹುಡುಕುತ್ತಿತ್ತು. ಅದರ ಕಣ್ಣಿಗೇ ಪೊರೆ ಬಂದಿರಬೇಕು ಎನ್ನಿಸಿ ಮತ್ತೆ ಕರೆಂಟು ತೆಗೆದೆ (ಉರಿಯುವ ಲೇಸರಿನ ಕಡೆ ಬಗ್ಗಿ ನೋಡುವ ಹುಂಬತನ ಬೇಡ), ಪೆಟ್ಟಿಗೆ ಬಿಚ್ಚಿ, ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದು ತೊಟ್ಟು ಸೋಕಿಸಿ, ಮಗುವಿನ ಕಣ್ಣಿನ ಪಿಸುರು ತೆಗೆಯುವಷ್ಟು ಹಗುರಾಗಿ ಒರೆಸಿದೆ. ಮೆಣಸಿನ ಕಾಳಿನಷ್ಟು ದೊಡ್ಡ ಗಾಜಿನಂಥ ಹನಿ ಅದು, ಎಳೆ ತಂತಿಗಳ ಮೇಲೆ ತೂಗುತ್ತದೆ, ಉಸಿರು ಬಿಟ್ಟರೂ ಅಲುಗುತ್ತದೆ. ಡಿಸ್ಕು ಎಷ್ಟೇ ಸಮತಟ್ಟೆಂದರೂ ತಿರುಗುವಾಗ ಕೂದಲೆಳೆಯ ಎಷ್ಟೋ ಪಟ್ಟು ಏರಿಳಿಯುತ್ತದೆ. ಆ ಏರಿಳಿತದ ಜೊತೆಗೇ ಈ ಹನಿಯೂ ಏರಿ ಇಳಿದು, ಬಿಂದು ಗೆರೆಯಿಂದ ಜಾರದಂತೆ ಸೆಕೆಂಡಿಗೆ ಎಷ್ಟೋ ಸಲ ತನ್ನನ್ನು ತಿದ್ದಿಕೊಳ್ಳುತ್ತದೆ. ಮರಳಿ ಬಂದ ಬೆಳಕು ದುಂಡಗಿದ್ದರೆ ಸರಿ, ಒಂದು ಕಡೆಗೆ ಓರೆಯಾಗಿ ಮೊಟ್ಟೆಯಾಕಾರವಾದರೆ ಹತ್ತಿರ ಬಂದೆ, ಇನ್ನೊಂದು ಕಡೆಗಾದರೆ ದೂರ ಹೋದೆ. ಇಷ್ಟು ಗಮನದಿಂದ ನಾನು ಯಾರ ಮಾತನ್ನಾದರೂ ಎಂದಾದರೂ ಕೇಳಿದ್ದೇನೆಯೆ ಎಂಬ ಯೋಚನೆ ಬಂದು, ಸ್ವಲ್ಪ ನಾಚಿಕೆಯಾಗಿ, ಮುಚ್ಚಳ ಹಾಕಿದೆ.

ಈ ಸಲ ಹುಡುಕಾಟ ನಿಂತಿತು. ಓದುವ ವೇಗವನ್ನು ಆದಷ್ಟು ತಗ್ಗಿಸಿದ್ದೆ. ಕಂಪ್ಯೂಟರಿನ ಡ್ರೈವು ಅವಸರದಲ್ಲಿ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನವರೆಗೂ ಹೋಗಿ ಊಳಿಡುತ್ತದೆ, ಮುದಿ ಡಿಸ್ಕಿಗೆ ಅದು ತಡೆಯುವುದಿಲ್ಲ. ಹಾಡಿನ ಡಿಸ್ಕಿಗೆ ಅದರದೇ ಒಂದು ನಡೆಯಿದೆ: ನಡುವಿನಲ್ಲಿ ನಿಮಿಷಕ್ಕೆ ಐನೂರರಷ್ಟು ಸುತ್ತು, ಅಂಚಿಗೆ ಬರುತ್ತ ಇನ್ನೂರಕ್ಕೆ ಇಳಿಯುತ್ತದೆ, ಸುತ್ತು ದೊಡ್ಡದಾದಷ್ಟೂ ನಿಧಾನ, ಗೆರೆ ಸರಿಯುವ ವೇಗ ಮಾತ್ರ ಒಂದೇ. ಕಣದಲ್ಲಿ ಮೇಟಿಕಂಬದ ಪಕ್ಕದ ಎತ್ತೂ ಹೊರಗಿನ ಎತ್ತೂ ಒಂದೇ ಹಗ್ಗದಲ್ಲಿ ಸುತ್ತುವಾಗ ಹೊರಗಿನದು ಬಿರಬಿರನೆ ನಡೆಯಬೇಕಾಗುತ್ತಿತ್ತು. ಇಲ್ಲಿ ಆ ಕಷ್ಟವನ್ನು ಕಣವೇ ವಹಿಸಿಕೊಂಡಿದೆ.

ಮೊದಲು ಬಂದದ್ದು ಮದ್ದಳೆಯ ಪೆಟ್ಟೂ ಅಲ್ಲ, ಭಾಗವತರ ದನಿಯೂ ಅಲ್ಲ. ಮಳೆ. ಮೂವತ್ತು ವರ್ಷ ಹಿಂದಿನ ಮಳೆ ಪೆಟ್ಟಿಗೆಯಿಂದ ಸುರಿಯತೊಡಗಿ ಹೊರಗಿನ ಮಳೆಯೊಂದಿಗೆ ಬೆರೆಯಿತು, ಯಾವುದು ಯಾವುದೆಂದು ಬಿಡಿಸಲಾರದಷ್ಟು. ಅದರ ನಡುವೆ ಯಾರೋ ಚೊಂಬಿನಿಂದ ನೀರು ಬಗ್ಗಿಸಿದರು. ಕೊಟ್ಟಿಗೆಯಲ್ಲಿ ಕರುವೊಂದು ಕೂಗಿತು. ಆಮೇಲೆ ಮೆಲ್ಲಗೆ ಶ್ರುತಿ. ಹೊಸ ಲ್ಯಾಪ್‌ಟಾಪಿನಲ್ಲಿ ಈ ಡ್ರೈವಿಗೆ ಜಾಗವೇ ಇಲ್ಲ, ಬೇಕೆಂದರೆ ಹೊರಗಿನಿಂದ ಸಿಕ್ಕಿಸಬೇಕು. ಮಕ್ಕಳಿಗೆ ಅದು ಏನೆಂದೂ ಗೊತ್ತಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ನಾನು ಬೆಳಗಿನ ಜಾವದವರೆಗೆ ಕೂತು ಮೊದಲ ಎರಡು ಡಿಸ್ಕನ್ನು ಪೂರ್ತಿ ನಕಲು ಮಾಡಿಕೊಂಡೆ.

ಮೂರನೆಯದು ಅಂಚಿಗೆ ಸಮೀಪಿಸಿದಂತೆ ತಡವರಿಸಿ, ಕೊನೆಯ ಏಳು ನಿಮಿಷವಿರುವಾಗ ನಿಂತುಬಿಟ್ಟಿತು. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳುತ್ತಲೇ ಇದ್ದಾನೆ, ಇನ್ನೂ ಸತ್ತಿಲ್ಲ; ಮಂಗಳದ ಪದ ಬಂದಿಲ್ಲ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದರ ಕಣ್ಣಿಗೆ ಕಾಣುವುದುಂಟು. ನಿಮ್ಮ ಅಟ್ಟದಲ್ಲಿ ಹಳೆಯದೊಂದು ಇದ್ದರೆ, ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ತಿಳಿಸಿ.