ಸಿಟ್ಟಿನ ಹಾಡು ಸಮ್ಮಾ ವಾಚಾ ಆಗಬಲ್ಲದೇ?



ನಮ್ಮ ಬಳಗದ ಹಿರಿಯ ಉಪಾಸಕರೊಬ್ಬರು ಕೇಳಿದರು: "ಈ ರ‍್ಯಾಪ್ ಹುಡುಗರು ಮೈಕ್ ಹಿಡಿದು ಕೂಗಾಡ್ತಾರಲ್ಲ, ಕಠೋರ ಮಾತು ಬಿಡಿ ಅಂದ ಭಗವಾನರ ಧಮ್ಮಕ್ಕೆ ಇದು ಹೊಂದುತ್ತಾ?" ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ.

ನನಗೆ ನೆನಪಾದವರು ತಮಿಳು ರ‍್ಯಾಪರ್ ಅರಿವು. (ಹೆಸರಿನ ಅರ್ಥ ಕನ್ನಡಿಗರಿಗೆ ಹೇಳಬೇಕಿಲ್ಲ.) 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಸಲ ವೇದಿಕೆ ಹತ್ತಿದ 'ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದವರು. ತಂಡದ ಹೆಸರು ಬಂದದ್ದು ಪಂಡಿತ ಅಯೋತಿ ದಾಸರ 'ಜಾತಿಯಿಲ್ಲದ ತಮಿಳರು' ಎಂಬ ಮಾತಿನಿಂದ. 1898ರಲ್ಲೇ ಬೌದ್ಧರಾದ ಆ ಪಂಡಿತರ ಸಂಘದ ಶಾಖೆ ನಮ್ಮ ಕೋಲಾರದ ಚಿನ್ನದ ಗಣಿ ಕಾರ್ಮಿಕರ ನಡುವೆಯೂ ಇತ್ತು. ಹಾಗಾಗಿ ಈ ದನಿ ನಮಗೆ ಹೊರಗಿನದಲ್ಲ.

2019ರಲ್ಲಿ ಅರಿವು 'ಆಂಟಿ ಇಂಡಿಯನ್' ಹಾಡಿದರು. ಅದು ಗದರಿಸಿ ಕೇಳುವ ಹಾಡು. 2021ರ 'ಎಂಜಾಯ್ ಎಂಜಾಮಿ' ಹಾಗಲ್ಲ. ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದು ತುಂಡು ನೆಲವೂ ಇಲ್ಲದೆ ಮರಳಿದ ತಮ್ಮ ಹಿರಿಯರ ಕಥೆಯನ್ನು, ಅಜ್ಜಿ ವಳ್ಳಿಯಮ್ಮಾಳ್ ಬಾಯಿಂದ ಕೇಳಿದ್ದನ್ನು, ಇಂಪಾಗಿಯೇ ಕಟ್ಟಿದರು. ಊರಿಗೆ ಊರೇ ಕುಣಿಯಿತು. ಅದೇ ವರ್ಷ ಒಂದು ಪತ್ರಿಕೆ ಆ ಹಾಡಿನ ಯಶಸ್ಸನ್ನು ಸಂಭ್ರಮಿಸಿದಾಗ ಮುಖಪುಟದಲ್ಲಿ ಅರಿವು ಅವರ ಮುಖವೇ ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಆಕ್ಷೇಪಿಸಬೇಕಾಯಿತು. ಮೆತ್ತಗೆ ಹಾಡಿದವರ ಪಾಡೇ ಇದಾದರೆ, ದನಿ ತಗ್ಗಿಸಿ ಎಂದು ಯಾವ ಬಾಯಲ್ಲಿ ಹೇಳೋಣ?

ಮಜ್ಝಿಮ ನಿಕಾಯದಲ್ಲಿ ಅಭಯ ರಾಜಕುಮಾರ ಬುದ್ಧರನ್ನು ಹೆಚ್ಚುಕಡಿಮೆ ಇದನ್ನೇ ಕೇಳುತ್ತಾನೆ: ತಥಾಗತರು ಕೇಳುವವರಿಗೆ ಹಿಡಿಸದ ಮಾತಾಡುತ್ತಾರೆಯೇ? ಆಗ ಅವನ ತೊಡೆಯ ಮೇಲೊಂದು ಕೂಸಿತ್ತು. ಈ ಕೂಸು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಬುದ್ಧರು ಕೇಳಿದರು. ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಕೂಸಿನ ಮೇಲೆ ಕರುಣೆಯಿದೆಯಲ್ಲ, ಎಂದ ರಾಜಕುಮಾರ. ಸತ್ಯವಾದ, ಹಿತವಾದ ಮಾತು ಹಿಡಿಸದಿದ್ದರೂ ತಥಾಗತರು ಹೊತ್ತರಿತು ಆಡುತ್ತಾರೆ ಎಂಬುದು ಅಲ್ಲಿನ ಉತ್ತರ.

ಹಾಗಾದರೆ ದನಿ ಎಷ್ಟು ಜೋರು ಎಂಬುದು ಅಳತೆಯಲ್ಲ. ಎದುರಾಳಿಯ ತಾಯಿಯನ್ನು ಬೈಯುವ ರ‍್ಯಾಪ್ ಎಷ್ಟೇ ತಾಳಬದ್ಧವಾಗಿರಲಿ, ನಾನು ಒಪ್ಪಲಾರೆ. ಜಾತಿಯನ್ನು ಹೆಸರಿಟ್ಟು ಕರೆಯುವ ಹಾಡು ಕಿವಿಗೆ ಚುಚ್ಚಿದರೂ ಒಪ್ಪುತ್ತೇನೆ.

ಇಲ್ಲಿಯವರೆಗೆ ಸುಲಭ. ಆದರೆ ಸುತ್ತದ ಪ್ರಕಾರ ಕಲ್ಲಿರುವುದು ಯಾರ ಬಾಯಲ್ಲಿ? ಜಾತಿಯನ್ನು ಕಚ್ಚಿ ಹಿಡಿದವರ ಬಾಯಲ್ಲಿ. ನಮ್ಮನ್ನು ಊರಾಚೆ ಇಟ್ಟವರನ್ನು ಆ ಕೂಸಿನ ಜಾಗದಲ್ಲಿ ಕೂರಿಸಿ ನೋಡಲು ನನಗಿನ್ನೂ ಆಗುತ್ತಿಲ್ಲ. ನಿಮಗೆ ಆಗುತ್ತದೆಯೇ? ಭಾನುವಾರದ ವಂದನೆಯ ನಂತರ ಮಾತಾಡೋಣ.