ಉಪ್ಪಿಗಿಂತ ರುಚಿಯಿಲ್ಲ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ಮಾತೃಸ್ತುತಿಯೆಂದು ಗ್ರಹಿಸಿ, ಅದರ ಪೂರ್ವಾರ್ಧವನ್ನು ಉಪಮಾನಮಾತ್ರವೆಂದು ಬಿಟ್ಟು ಮುಂದೆ ಸಾಗುವುದು ರೂಢಿ. ಗಾದೆಯ ಬಿಗಿಯೆಲ್ಲ ಇರುವುದು ಆ ಪೂರ್ವಾರ್ಧದಲ್ಲಿಯೇ ಎಂದು ನನ್ನ ಭಾವನೆ.

ಆಯುರ್ವೇದವು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳೆಂದು ಷಡ್ರಸಗಳನ್ನೆಣಿಸಿ ಲವಣವನ್ನು ಆರರಲ್ಲಿ ಒಂದಾಗಿ ನಿಲ್ಲಿಸಿತು. ಗಾದೆಯಾದರೋ ರಸವೆನ್ನದೆ ರುಚಿಯೆಂದಿತು. ರಸವು ಪದಾರ್ಥದ ಗುಣ, ರುಚಿಯು ಉಣ್ಣುವವನ ಅನುಭವ. ಜ್ವರಪೀಡಿತನಿಗೆ ಅನ್ನ ಬೇಡವಾಗುವುದನ್ನು ವೈದ್ಯರು ‘ಅರುಚಿ’ ಎನ್ನುವರೇ ಹೊರತು ಅನ್ನದಲ್ಲಿ ದೋಷವೆಣಿಸರು. ಇದಲ್ಲದೆ ಸಂಸ್ಕೃತದ ‘ರುಚ್’ ಧಾತುವಿಗೆ ಹಿತವಾಗುವುದೆಂಬಂತೆ ಬೆಳಗುವುದೆಂಬ ಅರ್ಥವೂ ಉಂಟು.

ಉಪ್ಪು ಮಾಡುವ ಈ ಬೆಳಗುವ ಕೆಲಸವನ್ನು ನಮ್ಮ ಅಡಿಗೆಮನೆಯ ಮಾತೇ ತೋರಿಸಿಕೊಡುತ್ತದೆ. ಹಣ್ಣು ‘ಸಿಹಿಯಾಗಿದೆ’ ಎಂದರೆ ಹೊಗಳಿಕೆ. ಸಾರು ‘ಉಪ್ಪಾಗಿದೆ’ ಎಂದರೆ ದೂರು. ಉಪ್ಪು ಹದವಾಗಿದ್ದ ದಿನ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ, ಸಾರು ಚೆನ್ನಾಗಿದೆಯೆಂದು ಬಡಿಸಿದವರನ್ನು ಹೊಗಳಿ ಏಳುತ್ತಾರೆ. ಹುಣಿಸೆಹಣ್ಣು ಸಾಲದಿದ್ದರೆ ‘ಹುಳಿ ಕಡಿಮೆ’ ಎಂದಷ್ಟೇ ಹೇಳುವ ನಾವು, ಹುಳಿ, ಮೆಣಸು, ಒಗ್ಗರಣೆಗಳೆಲ್ಲ ಸರಿಯಿದ್ದೂ ಉಪ್ಪೊಂದು ಬೀಳದಿದ್ದರೆ ಇಡಿಯ ಸಾರನ್ನೇ ‘ಸಪ್ಪೆ’ ಎಂದು ತಳ್ಳುತ್ತೇವೆ. ಕರಾವಳಿಯವರು ಇದನ್ನೇ ‘ಚಪ್ಪೆ’ ಎನ್ನುವರು. ಒಂದರ ಅಭಾವದಲ್ಲಿ ಉಳಿದೆಲ್ಲ ರಸಗಳೂ ಇದ್ದೂ ಇಲ್ಲದಂತಾಗುವುದನ್ನು ಹೇಳುವ ಈ ಪುಟ್ಟ ಪದವನ್ನು, ಉತ್ಸಾಹವಳಿದ ಮೋರೆಗೂ ಸತ್ತ್ವವಿಲ್ಲದ ಮಾತಿಗೂ ನಮ್ಮ ಜನ ಎಷ್ಟು ಸಹಜವಾಗಿ ವಿಸ್ತರಿಸಿಕೊಂಡಿದ್ದಾರೆ! ಹೆಚ್ಚಿದ ಹಾಗಲಕಾಯಿಗೆ ಉಪ್ಪು ಸವರಿ ಹಿಂಡಿ ಕಹಿಯನ್ನು ತಗ್ಗಿಸುವ ಗೃಹಿಣಿಯೇ ಪಾಯಸಕ್ಕೂ ಒಂದು ಚಿಟಿಕೆ ಉಪ್ಪು ಹಾಕಿ ಸಿಹಿಯನ್ನು ಎತ್ತಿಹಿಡಿಯುತ್ತಾಳೆ. ಲವಣದಿಂದ ‘ಲಾವಣ್ಯ’ವನ್ನು ಕಟ್ಟಿ ಚೆಲುವಿಗೆ ಹೆಸರಿಟ್ಟ ಸಂಸ್ಕೃತಕವಿಗಳೂ ಇದನ್ನು ಬಲ್ಲವರೇ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಾರ್ಧಕ್ಕೆ ಬಂದರೆ, ತಾಯಿಯು ಬಂಧುಗಳ ಪಟ್ಟಿಯಲ್ಲಿ ಮೊದಲನೆಯವಳೆಂಬ ಸಾಮಾನ್ಯಾರ್ಥ ಸಾಲದೆನಿಸುವುದು. ಸೋದರಮಾವನೂ ಚಿಕ್ಕಮ್ಮನೂ, ಒಡಹುಟ್ಟಿದವರೂ ಸಹ, ನಮಗೆ ಬಂಧುಗಳಾಗುವುದು ಆಕೆಯ ಮೂಲಕ. ಅಪ್ಪನನ್ನು ‘ಅಪ್ಪ’ ಎಂದು ಮಗುವಿಗೆ ಮೊದಲು ತೋರಿಸುವವಳೂ ಸಾಮಾನ್ಯವಾಗಿ ಆಕೆಯೇ. ಉಪ್ಪು ಮಿಕ್ಕ ರಸಗಳನ್ನು ರುಚಿಯಾಗಿಸುವಂತೆ ತಾಯಿ ಮಿಕ್ಕವರನ್ನು ಬಂಧುಗಳನ್ನಾಗಿಸುತ್ತಾಳೆ. ಗಾದೆಯ ಎರಡು ತುಂಡುಗಳನ್ನು ಬೆಸೆದಿರುವುದು ಈ ಸಾಮ್ಯವೇ ಹೊರತು ಬರಿಯ ಹಿರಿಮೆಯ ಹೋಲಿಕೆಯಲ್ಲ.