ಒಂದೇ ಸಾಕ್ಷಿಯ ತೀರ್ಪು

ಒಂದು ಕೃತಿಯನ್ನ ಜನ ಮರೆತರೆ ಅದು ಅನ್ಯಾಯವಾ? ಆದರೆ ಯಾರಿಗೆ? ಬರೆದವನು ಸತ್ತು ನೂರು ವರ್ಷ ದಾಟಿರುತ್ತೆ. ಕೇಳದೇ ಇದ್ದವರಿಗೆ ತಾವು ಏನು ಕಳೆದುಕೊಂಡೆವು ಅಂತಲೇ ಗೊತ್ತಿರಲ್ಲ. ಆಲ್ಕಾನ್‌ನ ಒಂದು ಪಿಯಾನೋ ಕೃತಿಯ ಬೇರೆ ಬೇರೆ ಧ್ವನಿಮುದ್ರಣಗಳನ್ನ ಕೇಳ್ತಾ ಈ ಪ್ರಶ್ನೆ ನನಗೆ ಗಂಟುಬಿತ್ತು.

ಆಲ್ಕಾನ್ (1813–1888) ಪ್ಯಾರಿಸ್‌ನವನು, ಶೋಪ್ಯಾನ್‌ನ ಸ್ನೇಹಿತ. 1857ರಲ್ಲಿ ಪ್ರಕಟವಾದ ಅವನ ಹನ್ನೆರಡು ಅಭ್ಯಾಸಕೃತಿಗಳಲ್ಲಿ ಎಂಟು, ಒಂಬತ್ತು, ಹತ್ತನೆಯವು ಸೇರಿ ಒಂದು ಕನ್ಸರ್ಟೋ. ಕನ್ಸರ್ಟೋ ಅಂದ್ರೆ ಸಾಮಾನ್ಯವಾಗಿ ಒಂದು ಕಡೆ ವಾದ್ಯವೃಂದ, ಇನ್ನೊಂದು ಕಡೆ ಒಬ್ಬ ವಾದಕ. ಇಲ್ಲಿ ವೃಂದವೇ ಇಲ್ಲ, ಅದರ ಪಾಲನ್ನೂ ಅದೇ ಹತ್ತು ಬೆರಳು ನುಡಿಸಬೇಕು. ಒಟ್ಟು ಸುಮಾರು ಐವತ್ತು ನಿಮಿಷ, ಮೊದಲ ಭಾಗವೇ ಅರ್ಧ ಗಂಟೆಯ ಹತ್ತಿರ. ಹಾಗಾಗಿ ನುಡಿಸೋರು ಕಡಿಮೆ. ನುಡಿಸೋರಿಲ್ಲ ಅಂತ ಕೇಳೋರಿಲ್ಲ, ಕೇಳೋರಿಲ್ಲ ಅಂತ ನುಡಿಸೋರಿಲ್ಲ.

ಶೋಪ್ಯಾನ್‌ನ ಕೃತಿಯನ್ನ ಯಾರಾದ್ರೂ ಕೆಟ್ಟದಾಗಿ ನುಡಿಸಿದ್ರೆ ನಾವು ವಾದಕನನ್ನ ಬೈತೀವಿ. ಆಲ್ಕಾನ್‌ನದ್ದನ್ನ ಕೆಟ್ಟದಾಗಿ ನುಡಿಸಿದ್ರೆ ಆಲ್ಕಾನ್‌ನನ್ನೇ ಬೈತೀವಿ. ಹೋಲಿಸೋಕೆ ಇನ್ನೊಂದು ನಮ್ಮ ಕಿವಿಯಲ್ಲಿ ಇರಲ್ಲ ನೋಡಿ.

ಜಾನ್ ಆಗ್ಡನ್‌ನ ಧ್ವನಿಮುದ್ರಣ ಬಿರುಗಾಳಿಯ ಹಾಗಿದೆ. ಅದೊಂದನ್ನೇ ಕೇಳಿದವರು ಆಲ್ಕಾನ್ ಅಂದ್ರೆ ಬರೀ ಆವೇಶ ಅಂದುಕೊಳ್ಳಬಹುದು. ಮಾರ್ಕ್ ಆಂದ್ರೆ ಹ್ಯಾಮ್ಲಿನ್ ಇದನ್ನ ಎರಡು ಸಲ ಮುದ್ರಿಸಿದ್ದಾನೆ. ಅವನ ಕೈಯಲ್ಲಿ ವೃಂದದ ಪಾಲು ಎಲ್ಲಿ ಮುಗಿದು ಒಂಟಿ ವಾದಕ ಎಲ್ಲಿ ಶುರುವಾದ ಅನ್ನೋದು ತಿಳಿಯಾಗಿ ಕೇಳುತ್ತೆ. ಆವೇಶದ ಒಳಗೆ ಅಚ್ಚುಕಟ್ಟಾದ ಕಟ್ಟಡ ಇತ್ತು ಅಂತ ಆಗ ಗೊತ್ತಾಗುತ್ತೆ. ನಾನು ಬರೆಯೋ ಕೋಡ್ ಯಾವ ಕಂಪ್ಯೂಟರಿನಲ್ಲಿ ಓಡಿದ್ರೂ ಒಂದೇ ಉತ್ತರ ಕೊಡಬೇಕು. ಸ್ವರಲಿಪಿ ಹಾಗಲ್ಲ, ಪ್ರತಿ ವಾದಕನೂ ಅದಕ್ಕೆ ಒಬ್ಬ ಸಾಕ್ಷಿ ಅಷ್ಟೇ.

‘ಕಾಲವೇ ಜರಡಿ ಹಿಡಿಯುತ್ತೆ, ಒಳ್ಳೇದು ಉಳಿಯುತ್ತೆ’ ಅನ್ನೋ ವಾದ ಇದೆ. ಮರೆತದ್ದೆಲ್ಲ ಶ್ರೇಷ್ಠ ಅಂತ ನಾನೂ ಹೇಳಲ್ಲ. ಆದರೆ ತೂರದೇ ಇರೋ ರಾಶಿಯನ್ನ ಜೊಳ್ಳು ಅಂತ ಹೇಗೆ ಹೇಳೋದು? ಕಾಲ ಅಂದ್ರೆ ಕೊನೆಗೆ ಯಾರೋ ಕೂತು ನುಡಿಸಬೇಕು, ಇನ್ಯಾರೋ ಕೇಳಬೇಕು.

ಹಾಗಾದ್ರೆ ಅನ್ಯಾಯ ಸತ್ತವನಿಗಲ್ಲ, ನಮ್ಮ ತೀರ್ಪಿಗೆ. ಮನುಷ್ಯರ ವಿಷಯದಲ್ಲೂ ಒಬ್ಬರ ಮಾತು ಕೇಳಿ ಇನ್ನೊಬ್ಬರನ್ನ ಅಳೆಯೋದು ನಮಗೆ ಅಭ್ಯಾಸ. ಮರೆತುಹೋದ ಕೃತಿಗೆ ನಾವು ಕೊಡಬೇಕಾದದ್ದು ಹೊಗಳಿಕೆ ಅಲ್ಲ, ಎರಡನೇ ಸಾಕ್ಷಿಯನ್ನ ಕೇಳುವಷ್ಟು ವ್ಯವಧಾನ. ಅದಾದ ಮೇಲೂ ಹಿಡಿಸಲಿಲ್ಲ ಅಂದ್ರೆ, ಹಿಡಿಸಲಿಲ್ಲ ಅನ್ನೋ ಹಕ್ಕು ನಮಗಿದೆ.